ಪರದೆ ಮಿಣುಕಿದಾಗ ಎದ್ದವರು

ನನ್ನ ಅಕ್ಕನ ಹತ್ತಿರ ಗುಟ್ಟು ಹೇಳಲು ಆಗುವುದಿಲ್ಲ. ಅವಳಿಗೆ ಕಿವಿ ಕೇಳುವುದಿಲ್ಲ. ಎದುರಿಗೆ ಕೂತು, ತುಟಿ ಕಾಣುವ ಹಾಗೆ ನಿಧಾನವಾಗಿ ಹೇಳಬೇಕು. ಅವಳು ಉತ್ತರ ಕೊಟ್ಟಳೆಂದರೆ ಗುಟ್ಟು ಬೀದಿಯ ಕೊನೆಯ ಮನೆಗೂ ಮುಟ್ಟುತ್ತದೆ. ನಾವಿಬ್ಬರೂ ದೊಡ್ಡಬಳ್ಳಾಪುರದ ನೇಕಾರರ ಮನೆಯಲ್ಲಿ ಹುಟ್ಟಿದವರು. ನಾನು ಓದಿಕೊಂಡು ರಾಜಘಟ್ಟದ ಕಡೆ ಒಂದು ಹೈಸ್ಕೂಲಿನಲ್ಲಿ ಟೀಚರಾದೆ. ಅಕ್ಕ ಮದುವೆಯಾಗಿ ಒಂದು ಮಗ್ಗದ ಮನೆಯಿಂದ ಇನ್ನೊಂದು ಮಗ್ಗದ ಮನೆಗೆ ಹೋದಳು. ಕರೆಂಟಿನ ಮಗ್ಗಗಳ ಸದ್ದಿನಲ್ಲಿ ದಿನವೆಲ್ಲ ನಿಂತವರ ಕಿವಿ ಮೆಲ್ಲಮೆಲ್ಲಗೆ ಹೋಗುತ್ತದೆ. ನಮ್ಮೂರಿನಲ್ಲಿ ಅದು ಯಾರಿಗೂ ಆಶ್ಚರ್ಯದ ವಿಷಯವಲ್ಲ. ಅಕ್ಕನದು ಸ್ವಲ್ಪ ಜಾಸ್ತಿಯೇ ಹೋಯಿತು ಅಷ್ಟೆ. ಕಿವಿಗೆ ಹಾಕುವ ಮಿಷನ್ನು ಕೊಡಿಸಿದೆವು. ಅದರಿಂದ ಸದ್ದು ಜಾಸ್ತಿಯಾಗುತ್ತದೆಯೇ ಹೊರತು ಮಾತು ತಿಳಿಯುವುದಿಲ್ಲ ಎಂದು ಹೇಳಿ ಅದನ್ನು ದೇವರ ಗೂಡಿನಲ್ಲಿ ಇಟ್ಟುಬಿಟ್ಟಳು.

ಅಕ್ಕನ ಮೇಲೆ ನನಗೆ ತುಂಬ ಹೆಮ್ಮೆ. ಇದನ್ನು ಸುತ್ತಿ ಬಳಸಿ ಹೇಳುವ ಅಗತ್ಯ ಇಲ್ಲ. ಅವಳು ನಾಲ್ಕು ಮಗ್ಗಗಳ ನಡುವೆ ಓಡಾಡುವುದನ್ನು ನೋಡಿದವರಿಗೆ ನಾನು ಹೇಳುವುದು ಗೊತ್ತಾಗುತ್ತದೆ. ಸೀರೆಯ ಹಾಸಿನಲ್ಲಿ, ಅಂದರೆ ಉದ್ದಕ್ಕೆ ಎಳೆದ ನೂಲಿನಲ್ಲಿ, ಕೂದಲಿನಷ್ಟು ಸಣ್ಣ ಎಳೆಗಳು ಸಾವಿರಗಟ್ಟಲೆ ಇರುತ್ತವೆ. ಅದರಲ್ಲಿ ಒಂದು ಹರಿದರೆ ನಮ್ಮಂಥವರಿಗೆ ಹರಿದದ್ದೂ ಕಾಣುವುದಿಲ್ಲ. ಅಕ್ಕ ಎಲ್ಲೋ ಆ ಕಡೆಯ ಮಗ್ಗದ ಹತ್ತಿರ ನಿಂತಿರುತ್ತಾಳೆ, ಅಲ್ಲಿಂದಲೇ ನೋಡಿ ಬಂದು ಮಗ್ಗ ನಿಲ್ಲಿಸಿ, ಎರಡು ತುದಿ ಹುಡುಕಿ, ಬೆರಳಲ್ಲಿ ಒಂದು ಸಲ ಹೊಸೆದು ಗಂಟು ಹಾಕಿ ಮತ್ತೆ ಓಡಿಸುತ್ತಾಳೆ. ನಾನು ಸೂಜಿಗೆ ದಾರ ಪೋಣಿಸುವಷ್ಟರಲ್ಲಿ ಅವಳದು ಮುಗಿದಿರುತ್ತದೆ. ನನಗೆ ಬೇಗ ಸಿಟ್ಟು ಬರುತ್ತದೆ, ಅವಳಿಗೆ ಬರುವುದೇ ಇಲ್ಲ. ಎಳೆ ಬಿಡಿಸುವವರಿಗೆ ಸಿಟ್ಟು ಬಂದರೆ ಸಿಕ್ಕು ಇನ್ನೂ ಬಿಗಿಯುತ್ತದಲ್ಲ, ಆ ಅಭ್ಯಾಸ ಇರಬೇಕು.

ಅಂಥ ಅಕ್ಕ ಒಂದು ದಿನ ನನ್ನ ಮನೆಗೆ ಬಂದು, ಕಾಫಿ ಲೋಟ ಕೆಳಗಿಟ್ಟು, "ನಂಗೆ ಅದು ಬೇಕು ಕಣೇ" ಎಂದಳು. ಅವಳು ಯಾವುದನ್ನೇ ಆಗಲಿ ಬೇಕು ಎಂದು ಬಾಯಿಬಿಟ್ಟು ಕೇಳಿದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ಹಬ್ಬಕ್ಕೆ ಯಾವ ಬಣ್ಣದ ಸೀರೆ ಬೇಕೆಂದು ಕೇಳಿದರೂ ಯಾವುದಾದರೂ ಸರಿ ಎನ್ನುವವಳು.

ವಿಷಯ ಇಷ್ಟು. ಅವಳು ಸದಸ್ಯೆಯಾಗಿರುವ ಮಹಿಳಾ ನೇಕಾರರ ಸಂಘದವರು ಒಂದು ತರಬೇತಿ ಶೆಡ್ಡು ಮಾಡಿದ್ದರು. ಸುತ್ತಲ ಹಳ್ಳಿಯ ಹೆಂಗಸರಿಗೆ, ಹೊಸದಾಗಿ ಊರಿಗೆ ಬಂದ ಸೊಸೆಯರಿಗೆ ಅಲ್ಲಿ ಮಗ್ಗ ಓಡಿಸುವುದನ್ನು ಕಲಿಸಬೇಕು. ಕಲಿಸುವವರು ಯಾರು ಎನ್ನುವುದು ತೀರ್ಮಾನವಾಗಿರಲಿಲ್ಲ. ಅಕ್ಕ ನಾನು ಕಲಿಸುತ್ತೇನೆ ಎಂದು ಮುಂದೆ ಬಂದಿದ್ದಳು. ಅವಳ ಕೆಲಸದ ಬಗ್ಗೆ ಯಾರಿಗೂ ಅನುಮಾನ ಇರಲಿಲ್ಲ, ಕಿವಿಯ ಬಗ್ಗೆ ಇತ್ತು. ಮುಖ್ಯವಾಗಿ ಸಂಘದ ಉಪಾಧ್ಯಕ್ಷೆಗೆ ಇತ್ತು. ಆಕೆ ಸ್ವಂತ ಶೆಡ್ಡು ನಡೆಸುವ, ಖಡಾಖಂಡಿತವಾಗಿ ಮಾತಾಡುವ ಹೆಂಗಸು. ಕೆಟ್ಟವರಲ್ಲ. ಕಲಿಯುವವರ ಮಾತೇ ಕೇಳಿಸದಿದ್ದರೆ ಕಲಿಸುವುದು ಹೇಗೆ ಎಂದು ಅವರು ಕೇಳಿದ್ದರಲ್ಲಿ ತಪ್ಪೂ ಇರಲಿಲ್ಲ. ಕೊನೆಗೆ, ಸದಸ್ಯರ ಸಭೆಯಲ್ಲಿ ಅಕ್ಕ ಹೇಗೆ ಕಲಿಸುತ್ತೇನೆ ಎಂದು ಹೇಳಲಿ, ಸದಸ್ಯರು ಏನು ಬೇಕಾದರೂ ಕೇಳಲಿ, ಆಮೇಲೆ ಕೈ ಎತ್ತಿ ತೀರ್ಮಾನ ಮಾಡೋಣ ಎಂದಾಯಿತು. ಅಕ್ಕ ಬೇಡವೆಂದಾದರೆ ಹೊರಗಿನಿಂದ ಒಬ್ಬ ಮೇಸ್ತ್ರಿಯನ್ನು ಕರೆಸುವುದು.

ಹೇಳುವುದಕ್ಕೆ ಅಕ್ಕನಿಗೆ ಕಷ್ಟವಿಲ್ಲ. ಸಭೆಯಲ್ಲಿ ಯಾರೋ ಹಿಂದಿನ ಸಾಲಿನಿಂದ ಕೇಳಿದ್ದು ಅವಳಿಗೆ ತಿಳಿಯುವುದು ಹೇಗೆ ಎನ್ನುವುದೇ ಕಷ್ಟ. ಅದಕ್ಕೆ ನಾನೊಂದು ಉಪಾಯ ಮಾಡಿದೆ. ಶಾಲೆಯಲ್ಲಿ ಪಾಠಕ್ಕೆ ಸ್ಲೈಡು ಮಾಡಿ ಮಾಡಿ ನನಗೆ ಕೈ ಪಳಗಿತ್ತು. ಅವಳ ಕೆಲಸದ ಫೋಟೊಗಳನ್ನು ಸ್ಲೈಡು ಮಾಡುವುದು, ಆಮೇಲೆ ಯಾರು ಏನು ಕೇಳಿದರೂ ನಾನು ಲ್ಯಾಪ್‌ಟಾಪಿನಲ್ಲಿ ಅದನ್ನು ದಪ್ಪ ಅಕ್ಷರದಲ್ಲಿ ಟೈಪು ಮಾಡುವುದು, ಅಕ್ಕ ಪರದೆಯ ಮೇಲೆ ಓದಿ ಉತ್ತರ ಹೇಳುವುದು. ಎಲ್ಲರಿಗೂ ಕಾಣುತ್ತದೆ, ಎಲ್ಲರಿಗೂ ತಿಳಿಯುತ್ತದೆ.

ಫೋಟೊಗಳನ್ನು ಅವಳೇ ಆರಿಸಿದಳು. ನಾನು ಅಕ್ಷರಗಳು ಮೇಲಿನಿಂದ ಬೀಳುವ ಹಾಗೆ, ಚಿತ್ರ ತಿರುಗುತ್ತಾ ಬರುವ ಹಾಗೆ ಮಾಡಿ ತೋರಿಸಿದರೆ ಒಂದೊಂದನ್ನೂ ತೆಗೆಸಿದಳು. "ಎಲ್ಲಾ ಓಡಾಡ್ತಿದ್ರೆ ಜನ ಯಾವುದನ್ನ ನೋಡ್ಬೇಕು?" ಎಂದಳು. ಗಂಟು ಹಾಕುವ ಅವಳ ಬೆರಳುಗಳ ಫೋಟೊ ಒಂದಿತ್ತು. ಅದರ ಹಿಂದಿದ್ದ ಗೋಡೆ, ಗೋಡೆಯ ಕ್ಯಾಲೆಂಡರು ಎಲ್ಲವನ್ನೂ ನಾನು ಕತ್ತರಿಸಿ ತೆಗೆದು ಬೆರಳುಗಳನ್ನು ಮಾತ್ರ ಉಳಿಸಿದೆ. ಬಿಳಿ ಸ್ಲೈಡಿನ ಮೇಲೆ ಆ ಬೆರಳುಗಳು, ನಡುವೆ ಒಂದೇ ಒಂದು ಕೆಂಪು ಎಳೆ. ಅಷ್ಟು ಚೆಂದದ ಸ್ಲೈಡು ನಾನು ಯಾವ ಪಾಠಕ್ಕೂ ಮಾಡಿಲ್ಲ. ಹಿಂದಿನ ಸಂಜೆ ನಮ್ಮ ಮನೆಯ ಟಿವಿಗೆ ಲ್ಯಾಪ್‌ಟಾಪು ಜೋಡಿಸಿ ಪೂರ್ತಿ ಅಭ್ಯಾಸ ಮಾಡಿದೆವು. ನನ್ನ ಗಂಡ ಸದಸ್ಯರಾಗಿ ಕೂತು ತಲೆಹರಟೆ ಪ್ರಶ್ನೆಗಳನ್ನೆಲ್ಲ ಕೇಳಿದರು. ನಾನು ಟೈಪು ಮಾಡಿದೆ, ಅಕ್ಕ ಓದಿ ಓದಿ ಉತ್ತರ ಕೊಟ್ಟಳು. ಎಲ್ಲ ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ನಡೆಯಿತು.

ಬೆಳಿಗ್ಗೆ ಲ್ಯಾಪ್‌ಟಾಪು ತೆಗೆದರೆ, ಸ್ವಲ್ಪ ಕಾಯಿರಿ, ಅಪ್‌ಡೇಟ್ ಆಗುತ್ತಿದೆ ಎಂದಿತು. ನಾನು ಕೇಳಿರಲಿಲ್ಲ. ಚೆನ್ನಾಗಿ ನಡೆಯುತ್ತಿದ್ದ ಮನೆಗೆ ಯಾರೋ ಹೇಳದೆ ಕೇಳದೆ ನುಗ್ಗಿ, ಪಾತ್ರೆಗಳನ್ನೆಲ್ಲ ಬೇರೆ ಕಡೆ ಜೋಡಿಸಿಟ್ಟು ಹೋದ ಹಾಗೆ ಈ ಅಪ್‌ಡೇಟುಗಳು. ಮುಗಿದ ಮೇಲೆ ಸ್ಲೈಡುಗಳನ್ನು ತೆರೆದು ನೋಡಿದೆ. ಲ್ಯಾಪ್‌ಟಾಪಿನಲ್ಲಿ ಎಲ್ಲ ಸರಿಯಾಗಿಯೇ ಇತ್ತು. ಸಮಾಧಾನವಾಗಿ ಅಕ್ಕನನ್ನು ಕರೆದುಕೊಂಡು ಸಮುದಾಯ ಭವನಕ್ಕೆ ಹೋದೆ.

ಸಭೆ ತುಂಬಿತ್ತು. ಹೆಂಗಸರು ಮನೆಯ ಮಗ್ಗಗಳನ್ನು ಗಂಡಂದಿರಿಗೋ ಅತ್ತೆಯರಿಗೋ ಒಪ್ಪಿಸಿ ಬಂದಿದ್ದರು. ಪರದೆ ಕಾಣಲೆಂದು ಕಿಟಕಿಗಳನ್ನು ಮುಚ್ಚಿ ಲೈಟು ಆರಿಸಿದ್ದರು. ಸೆಕೆಗೆ ಗೋಡೆಯ ಪಕ್ಕದಲ್ಲಿ ದೊಡ್ಡದೊಂದು ನಿಲುವು ಫ್ಯಾನು ತಿರುಗುತ್ತಿತ್ತು. ಅಕ್ಕ ಮುಂದೆ ವೇದಿಕೆಯ ಮೇಲೆ ನಿಂತಳು. ನಾನು ಸಭೆಯ ನಡುವೆ ಪ್ರೊಜೆಕ್ಟರಿನ ಪಕ್ಕ ಲ್ಯಾಪ್‌ಟಾಪು ಇಟ್ಟುಕೊಂಡು ಕೂತೆ.

ಮೊದಲ ಸ್ಲೈಡು ಸರಿಯಾಗಿ ಬಂತು. ಎರಡನೆಯದರಲ್ಲಿ ಮೊದಲನೆಯದರ ಅಕ್ಷರಗಳು ಹೋಗದೆ ಹಾಗೇ ಉಳಿದು, ಅದರ ಮೇಲೆ ಇದರ ಅಕ್ಷರಗಳು ಬಂದು ಕೂತವು. ನನ್ನ ಎದುರಿನ ಲ್ಯಾಪ್‌ಟಾಪಿನಲ್ಲಿ ಒಂದು, ಪರದೆಯ ಮೇಲೆ ಇನ್ನೊಂದು. ಆಮೇಲೆ ಬೆರಳುಗಳ ಸ್ಲೈಡು. ನಾನು ಕತ್ತರಿಸಿ ತೆಗೆದ ಜಾಗವೆಲ್ಲ ಪರದೆಯಲ್ಲಿ ಕಪ್ಪಾಗಿತ್ತು. ದೊಡ್ಡದೊಂದು ಕಪ್ಪು ಚೌಕ, ಅದರೊಳಗೆ ಕತ್ತಲಿನಿಂದ ಹೊರಗೆ ಬಂದ ಹಾಗೆ ಅಕ್ಕನ ಬೆರಳುಗಳು. ಮುಂದಿನ ಸಾಲಿನ ಒಬ್ಬಾಕೆ ಹೆದರಿ ರಾಮ ರಾಮ ಎಂದರು. ನನಗೆ ಮೈಯೆಲ್ಲ ಉರಿಯಿತು. ಮುಚ್ಚಿ ತೆರೆದೆ, ವೈರು ಕಿತ್ತು ಹಾಕಿದೆ, ಏನೂ ಬದಲಾಗಲಿಲ್ಲ. ಆಮೇಲೆ, ಸೋಮವಾರ, ನಮ್ಮ ಶಾಲೆಯ ಕಂಪ್ಯೂಟರ್ ಮೇಷ್ಟ್ರು, ಅಪ್‌ಡೇಟು ಆದ ಮೇಲೆ ಗ್ರಾಫಿಕ್ಸಿನದೊಂದು ಸೌಲಭ್ಯ ತಾನಾಗಿ ಚಾಲೂ ಆಗಿದೆ, ಅದು ಹಳೇ ಪ್ರೊಜೆಕ್ಟರುಗಳ ಜೊತೆ ಜಗಳ ಆಡುತ್ತದೆ ಎಂದು ಹೇಳಿ, ಎಲ್ಲೋ ಒಳಗಿದ್ದ ಒಂದು ಟಿಕ್ ಗುರುತು ತೆಗೆದರು. ಅಷ್ಟೇ ಕೆಲಸ. ಆದರೆ ಅವತ್ತು ಅದು ನನಗೆ ಗೊತ್ತಿರಲಿಲ್ಲವಲ್ಲ.

ಅಕ್ಕ ಒಮ್ಮೆ ತಿರುಗಿ ಪರದೆ ನೋಡಿದಳು. ಗಾಬರಿಯಾಗಲಿಲ್ಲ. "ಫೋಟೊ ಮಸಿ ಆಗಿದೆ, ಕೈ ಇಲ್ಲೇ ಇದೆ" ಎಂದು ಎರಡೂ ಕೈ ಎತ್ತಿ ತೋರಿಸಿ ಗಂಟು ಹಾಕುವುದನ್ನು ಹೇಳತೊಡಗಿದಳು. ಹೆಂಗಸರು ನಕ್ಕರು. ಒಳ್ಳೆಯ ನಗು ಅದು. ನನಗೂ ಸ್ವಲ್ಪ ಉಸಿರು ಬಂತು.

ಆಮೇಲೆ ಪ್ರಶ್ನೆಗಳು. ಯಾರೋ ಒಬ್ಬರು, ಓದು ಬಾರದವರಿಗೆ ಹೇಗೆ ಕಲಿಸುತ್ತೀರಿ ಎಂದು ಕೇಳಿದರು. ನಾನು ಟೈಪು ಮಾಡಿದೆ. ದೇವರು ದೊಡ್ಡವನು, ಅದು ಪರದೆಯ ಮೇಲೆ ಹಾಗೇ ಬಂತು. ಅಕ್ಕ ಓದಿ, "ನಾನೇನು ಪುಸ್ತಕ ಓದಿ ಕಲ್ತಿದ್ದಾ? ಬೆರಳು ಹಿಡ್ಕೊಂಡು ಕಲಿಸ್ತೀನಿ. ಒಂದು ಸಲ ಬರ್ಲಿಲ್ಲ ಅಂದ್ರೆ ಇನ್ನೊಂದು ಸಲ ಹಿಡ್ಕೊಳ್ತೀನಿ" ಎಂದಳು. ಸಭೆ ತಲೆದೂಗಿತು.

ಆಗ ಉಪಾಧ್ಯಕ್ಷೆ ಎದ್ದು ನಿಂತರು. ಅವರು ಕೇಳಿದ್ದು ಹೀಗೆ: "ಕಲಿಯೋಕೆ ಬಂದ ಹೆಣ್ಮಗಳ ಸೆರಗೋ ಜಡೆಯೋ ಮಗ್ಗದ ಬೆಲ್ಟಿಗೆ ಸಿಕ್ಕಿ, ಅವಳು ಕಿರುಚ್ಕೊಂಡ್ರೆ, ಇವ್ರಿಗೆ ಕೇಳುತ್ತಾ?"

ಅದು ಸರಿಯಾದ ಪ್ರಶ್ನೆ. ಎಲ್ಲ ನಿಂತಿದ್ದು ಆ ಒಂದರ ಮೇಲೆಯೇ ಎಂದು ಅಲ್ಲಿದ್ದ ಪ್ರತಿಯೊಬ್ಬರಿಗೂ ಗೊತ್ತಿತ್ತು. ಒಂದು ಅಕ್ಷರವೂ ಆಚೀಚೆ ಮಾಡದೆ ಟೈಪು ಮಾಡಿದೆ. ಲ್ಯಾಪ್‌ಟಾಪಿನಲ್ಲಿ ಬಂತು. ಪರದೆ ಅಲುಗಲಿಲ್ಲ. ಅಲ್ಲಿ ಹಳೇ ಪ್ರಶ್ನೆಯೇ ಕೂತಿತ್ತು, ಓದು ಬಾರದವರಿಗೆ ಹೇಗೆ ಕಲಿಸುತ್ತೀರಿ ಎಂದು.

ಅಕ್ಕ ಪರದೆ ನೋಡಿದಳು. ಇದನ್ನೇ ಮತ್ತೆ ಕೇಳುತ್ತಿದ್ದಾರೆ, ನನ್ನ ಉತ್ತರ ಸಾಲಲಿಲ್ಲವೇನೋ ಎಂದುಕೊಂಡಿರಬೇಕು. ಇನ್ನೂ ಗಟ್ಟಿಯಾಗಿ, ಇನ್ನೂ ಬಿಡಿಸಿ ಹೇಳಿದಳು. "ಬೆರಳು ಹಿಡ್ಕೊಂಡು ಕಲಿಸ್ತೀನಿ ಅಂದ್ನಲ್ಲಮ್ಮ. ಬರೋ ತನಕ ಬಿಡಲ್ಲ."

ಬೆಲ್ಟಿಗೆ ಸಿಕ್ಕಿದವಳಿಗೆ ಈ ಉತ್ತರ. ಹಿಂದೆ ಯಾರೋ ಕಿಸಕ್ಕೆಂದರು. ಒಂದಿಬ್ಬರು ಮುಖ ಮುಖ ನೋಡಿಕೊಂಡರು. ಉಪಾಧ್ಯಕ್ಷೆ ನಗಲಿಲ್ಲ, ನನ್ನ ಕಡೆ ತಿರುಗಿ ಬೇಜಾರಿನಿಂದ ತಲೆ ಆಡಿಸಿದರು. ಅದು ನಗುವುದಕ್ಕಿಂತ ಕೆಟ್ಟದಾಗಿತ್ತು. ಅಕ್ಕ ವೇದಿಕೆಯ ಮೇಲೆ, ತಾನು ಸರಿಯಾಗಿ ಹೇಳಿದೆ ಎನ್ನುವ ಮುಖದಲ್ಲಿ ನಿಂತಿದ್ದಳು. ಆ ಮುಖ ನೋಡಲಾರದೆ ನಾನು ಸಿಕ್ಕ ಸಿಕ್ಕ ಕೀಲಿ ಒತ್ತಿದೆ.

ಪರದೆ ಮಿಣುಕಲು ಶುರುವಾಯಿತು. ಬೆಳಕು, ಕತ್ತಲು, ಬೆಳಕು, ಕತ್ತಲು. ಮುಚ್ಚಿದ ಕೋಣೆಯಲ್ಲಿ ಇದ್ದದ್ದು ಅದೊಂದೇ ಬೆಳಕು, ಇಡೀ ಸಭೆಯೇ ಹತ್ತಿ ಆರಿದಂತೆ ಆಯಿತು. ಮರುಕ್ಷಣ ಅಷ್ಟೂ ಹೆಂಗಸರು ದಡಕ್ಕನೆ ಎದ್ದರು.

ಬೇರೆ ಊರಿನವರಾಗಿದ್ದರೆ ಕೂತು ಆಡಿಕೊಂಡು ನಗುತ್ತಿದ್ದರು. ನಮ್ಮವರಿಗೆ ಬೆಳಕು ಮಿಣುಕಿದರೆ ಅದರ ಅರ್ಥವೇ ಬೇರೆ. ಕರೆಂಟಿನ ಒಂದು ಫೇಸು ಹೋಯಿತು, ವೋಲ್ಟೇಜು ಬಿತ್ತು, ಮಗ್ಗ ನಿಲ್ಲಿಸದಿದ್ದರೆ ಮೋಟಾರು ಸುಟ್ಟುಹೋಗುತ್ತದೆ. ಅದನ್ನು ಯೋಚನೆ ಮಾಡಿ ತಿಳಿಯಬೇಕಾಗಿಲ್ಲ, ಕಾಲು ತಾನಾಗಿ ಓಡುತ್ತದೆ. ಉಣ್ಣುತ್ತಿದ್ದರೂ, ಮಗುವಿಗೆ ನೀರು ಹಾಕುತ್ತಿದ್ದರೂ ಬಿಟ್ಟು ಓಡುತ್ತಾರೆ. ಮಿಣುಕಿದ್ದು ಪ್ರೊಜೆಕ್ಟರು, ಮಗ್ಗ ಇರುವುದು ನಾಲ್ಕು ಬೀದಿ ಆಚೆ ಎಂದು ಆ ಗಳಿಗೆಯಲ್ಲಿ ಯಾರಿಗೂ ಹೊಳೆಯಲಿಲ್ಲ. ವೋಲ್ಟೇಜು, ವೋಲ್ಟೇಜು ಎಂದು ಕೂಗುತ್ತಾ ಕುರ್ಚಿ ತಳ್ಳಿಕೊಂಡು ಬಾಗಿಲಿಗೆ ನುಗ್ಗಿದರು. ಉಪಾಧ್ಯಕ್ಷೆ ಎಲ್ಲರಿಗಿಂತ ಮುಂದಿದ್ದರು. ಯಾಕೆ ಮಿಣುಕಿತು ಎಂದು ಅಲ್ಲಿ ನನ್ನೊಬ್ಬಳಿಗೇ ಗೊತ್ತಿದ್ದದ್ದು, ಆದರೂ ನಾನೂ ಅರ್ಧ ಎದ್ದು ನಿಂತಿದ್ದೆ.

ನೋಡನೋಡುತ್ತಿದ್ದಂತೆ ಅಕ್ಕ ವೇದಿಕೆಯಿಂದ ಕೆಳಗೆ ಹಾರಿದಳು. ಅವಳ ವಯಸ್ಸಿಗೆ ಹಾರುವ ಎತ್ತರ ಅಲ್ಲ ಅದು. ನಾನು ಅವಳೂ ಮಗ್ಗಕ್ಕೇ ಓಡುತ್ತಿದ್ದಾಳೆ ಎಂದುಕೊಂಡೆ. ಅವಳು ಬಾಗಿಲಿನ ಕಡೆ ಹೋಗಲಿಲ್ಲ. ಗೋಡೆಗೆ ಹೋಗಿ ನಿಲುವು ಫ್ಯಾನಿನ ಪ್ಲಗ್ಗನ್ನು ವೈರಿನ ಸಮೇತ ಕಿತ್ತಳು. ಕಿತ್ತು, ಫ್ಯಾನಿನ ಹಿಂದೆ ಬಗ್ಗಿದಳು.

ಅಲ್ಲಿ ಒಬ್ಬಳು ಸಿಕ್ಕಿಕೊಂಡಿದ್ದಳು. ಸೂಲಿಬೆಲೆ ಕಡೆಯಿಂದ ಹೊಸದಾಗಿ ಮದುವೆಯಾಗಿ ಬಂದಿದ್ದ, ತರಬೇತಿಗೆ ಸೇರಬೇಕೆಂದಿದ್ದ ಹೆಣ್ಣುಮಗಳು. ನೂಕುನುಗ್ಗಲಿನಲ್ಲಿ ಫ್ಯಾನಿನ ಹಿಂದಿನಿಂದ ದಾಟಲು ಹೋಗಿದ್ದಾಳೆ, ಗಾಳಿ ಎಳೆಯುವ ಕಡೆ ವೇಲಿನ ತುದಿ ಒಳಗೆ ಹೋಗಿ ಸುತ್ತಿಕೊಂಡಿದೆ. ಕತ್ತಿನ ಸುತ್ತ ವೇಲು ಬಿಗಿದು ಅವಳ ಮುಖ ಫ್ಯಾನಿನ ಕಂಬಿಗೆ ತಾಗುವಂತಿತ್ತು. ಅವಳು ಕೂಗಿಕೊಂಡಿದ್ದಳಂತೆ. ನಾನು ಅವಳಿಂದ ನಾಲ್ಕೇ ಹೆಜ್ಜೆ ದೂರದಲ್ಲಿದ್ದೆ, ಕಿವಿ ನೆಟ್ಟಗಿದೆ, ನನಗೆ ಕೇಳಿಸಲಿಲ್ಲ. ಕುರ್ಚಿಯ ಸದ್ದು, ಕೂಗಿನ ಸದ್ದು, ಯಾರಿಗೂ ಕೇಳಿಸಲಿಲ್ಲ. ಅಕ್ಕ ಆ ವೇಲನ್ನು ಹರಿಯಲಿಲ್ಲ, ಎಳೆಯಲಿಲ್ಲ. ರೆಕ್ಕೆಯನ್ನು ಕೈಯಲ್ಲಿ ಹಿಂದಕ್ಕೆ ತಿರುಗಿಸುತ್ತಾ ಒಂದೊಂದೇ ಸುತ್ತು ಬಿಡಿಸಿದಳು. ಆಮೇಲೆ ಆ ಹುಡುಗಿಯನ್ನು ಕುರ್ಚಿಯಲ್ಲಿ ಕೂರಿಸಿ ಕತ್ತು ಸವರಿದಳು. ಕತ್ತಿನ ಸುತ್ತ ಕೆಂಪಗೆ ಬರೆ ಎದ್ದಿತ್ತು.

ಯಾರೋ ಕಿಟಕಿ ತೆರೆದರು. ಬಾಗಿಲಲ್ಲಿ ನಿಂತವರಿಗೆ ಬೀದಿಯ ಮಗ್ಗಗಳೆಲ್ಲ ಸಲೀಸಾಗಿ ಓಡುತ್ತಿರುವ ಸದ್ದು ಕೇಳಿ ಕರೆಂಟಿಗೆ ಏನೂ ಆಗಿಲ್ಲವೆಂದು ತಿಳಿಯಿತು. ಒಬ್ಬೊಬ್ಬರೇ ಪೆಚ್ಚಾಗಿ ಒಳಗೆ ಬಂದರು. ಫ್ಯಾನು ನೋಡಿದರು, ವೇಲು ನೋಡಿದರು, ಆ ಹುಡುಗಿಯ ಕತ್ತು ನೋಡಿದರು. ಏನಾಯಿತೆಂದು ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ. ಉಪಾಧ್ಯಕ್ಷೆ ನನ್ನ ಹತ್ತಿರ ಬಂದು, ಮೆಲ್ಲಗೆ, "ಟೀಚರಮ್ಮ, ನಾನು ಕೇಳಿದ್ದು ಅಳಿಸ್ಬಿಡಿ" ಎಂದರು.

ಅಳಿಸಲು ಹೋದೆ. ಅಷ್ಟು ಹೊತ್ತು ಹಟ ಹಿಡಿದು ಕೂತಿದ್ದ ಪರದೆಗೆ ಆಗಲೇ ಜ್ಞಾನೋದಯವಾಗಬೇಕೇ? ಉಪಾಧ್ಯಕ್ಷೆಯ ಪ್ರಶ್ನೆ ಇದ್ದದ್ದು ಇದ್ದ ಹಾಗೆ, ಆಳೆತ್ತರದ ಅಕ್ಷರದಲ್ಲಿ ಬಂದು ನಿಂತಿತು. ಕಿಟಕಿಯ ಬೆಳಕಿನಲ್ಲೂ ಓದಲು ಬರುತ್ತಿತ್ತು. ಅಕ್ಕ ಆ ಹುಡುಗಿಯ ಪಕ್ಕದಿಂದ ತಲೆ ಎತ್ತಿ ನೋಡಿದಳು. ನಿಧಾನವಾಗಿ ಓದಿದಳು. ಕಿರುಚಿಕೊಂಡರೆ ಇವರಿಗೆ ಕೇಳುತ್ತಾ.

ನಾನು ಬೇಡ, ಅದಕ್ಕೆ ಉತ್ತರ ಬೇಡ ಎಂದು ಕೈಸನ್ನೆ ಮಾಡಿದೆ. ಅವಳು ನನ್ನನ್ನು ನೋಡಿಯೂ ಬಿಡಲಿಲ್ಲ. ಕೇಳಿದವರು ಯಾರೆಂದು ಅವಳಿಗೆ ಹೇಳಬೇಕಾಗಿರಲಿಲ್ಲ, ಉಪಾಧ್ಯಕ್ಷೆಯ ಕಡೆಗೇ ತಿರುಗಿದಳು. ಅಕ್ಕ ಅಷ್ಟು ಮೆಲ್ಲಗೆ ಮಾತಾಡಿದ್ದನ್ನು ನಾನು ಅದಕ್ಕೆ ಮೊದಲು ಎಂದೂ ಕೇಳಿರಲಿಲ್ಲ.

"ಕೇಳಲ್ಲ" ಎಂದಳು. "ನಂಗೆ ಕೇಳಲ್ಲ. ಮಗ್ಗ ಓಡೋವಾಗ ನಿಮ್ಗೂ ಕೇಳಲ್ಲ. ನಾನು ಮದ್ವೆಯಾಗಿ ಬಂದ ಹೊಸ್ದರಲ್ಲಿ ಜಡೆ ಬೆಲ್ಟಿಗೆ ಸಿಕ್ತು. ನನ್ ತಂಗಿ ಇವಳಿಗೂ ಗೊತ್ತಿಲ್ಲ, ಹಾಸ್ಟೆಲ್‌ನಲ್ಲಿ ಓದ್ತಿದ್ಳು. ಆವಾಗ ಶೆಡ್ಡಲ್ಲಿದ್ದೋರ ಕಿವಿ ಎಲ್ಲಾ ಚೆನ್ನಾಗಿತ್ತು. ನಂದೂ ಚೆನ್ನಾಗಿತ್ತು. ನಾನು ಕಿರುಚಿದ್ದು ನಂಗೇ ಕೇಳಿಸ್ಲಿಲ್ಲ. ನಮ್ಮತ್ತೆ ಏನಕ್ಕೋ ತಲೆ ಎತ್ತಿ ನೋಡಿದ್ರು, ಅದಕ್ಕೆ ಉಳ್ಕೊಂಡೆ. ಅವತ್ತಿಂದ ನಾನು ಶೆಡ್ಡಲ್ಲಿ ತಲೆ ಬಗ್ಸಿ ನಿಂತಿಲ್ಲಮ್ಮ. ನಂಗೆ ಕಲಿಸೋಕೆ ಕೊಟ್ರೆ ಎಳೆ ಗಂಟು ಆಮೇಲೆ. ಮೊದ್ಲು ಅದನ್ನ ಕಲಿಸ್ತೀನಿ, ಪಕ್ಕದೋಳನ್ನ ನೋಡೋದನ್ನ."

ಅಷ್ಟು ಹೇಳಿ ಮತ್ತೆ ಆ ಹುಡುಗಿಯ ಕತ್ತು ನೋಡಲು ಬಗ್ಗಿದಳು. ಹಾಗಾಗಿ ಮುಂದೆ ನಡೆದದ್ದು ಅವಳಿಗೆ ತಕ್ಷಣ ಕಾಣಲಿಲ್ಲ. ಅಧ್ಯಕ್ಷೆ ಇನ್ನೂ ಒಪ್ಪಿಗೆ ಕೇಳಿಯೇ ಇರಲಿಲ್ಲ, ಉಪಾಧ್ಯಕ್ಷೆಯ ಕೈ ಮೇಲಿತ್ತು. ಅವರ ಹಿಂದೆ ಒಂದೊಂದೇ, ಆಮೇಲೆ ಸಾಲು ಸಾಲೇ ಕೈ ಎದ್ದವು. ಕಿಸಕ್ಕೆಂದು ನಕ್ಕವರದೂ ಎದ್ದಿತು. ಆ ಹುಡುಗಿ ಅಕ್ಕನ ಭುಜ ಮುಟ್ಟಿ, ಹಿಂದೆ ನೋಡಿ ಎಂದು ತೋರಿಸಿದಳು.

ನಾನು ಆ ಸಂಘದ ಸದಸ್ಯೆಯಲ್ಲ, ನನಗೆ ಕೈ ಎತ್ತುವ ಹಕ್ಕಿರಲಿಲ್ಲ. ಆದರೂ ಎತ್ತಿದೆ. ಯಾರೂ ಇಳಿಸು ಎನ್ನಲಿಲ್ಲ.